ಲೆಕ್ಕವೂ ನಂಬುಗೆಯೂ
ಮಾನವನ ವಿವೇಚನೆಯು ಎಲ್ಲಿಯವರೆಗೆ ನಡೆದು ಎಲ್ಲಿ ನಿಲ್ಲುವುದೆಂಬುದನ್ನು ಅರಿಯಬಯಸುವವರು ಗದಗ ಸೀಮೆಯ ಕಣಗಿನಹಾಳವನ್ನು ನೆನೆಯಬೇಕು. ಸಹಕಾರ ಕಾಯಿದೆ ಬಂದ ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಖ್ಯಾತವಾಗಿದೆ. ಆ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಒಬ್ಬನ ಸಾಲ ತೀರದಿದ್ದರೆ ಉಳಿದವರ ಹೊಲಮನೆಗಳಿಗೂ ಬಾಧೆ ತಟ್ಟಬಹುದಿತ್ತು. ಬಡ್ಡಿಯನ್ನು, ಕಂತನ್ನು, ಬೆಳೆಯ ಬೆಲೆಯನ್ನು ತರ್ಕವು ಗಣಿಸಬಲ್ಲುದು, ಸಾಹುಕಾರನ ಹಿಡಿತದಿಂದ ಪಾರಾಗುವ ದಾರಿಯನ್ನೂ ತೋರಬಲ್ಲುದು. ಆದರೆ ಮಳೆ ಕೈಕೊಟ್ಟ ವರ್ಷದಲ್ಲಿ ನೆರೆಯವನು ಕೊಟ್ಟ ಮಾತನ್ನು ಉಳಿಸಿಕೊಳ್ಳುವನೆಂದು ಯಾವ ಗಣಿತವೂ ಸಿದ್ಧಪಡಿಸಲಾರದಾದ್ದರಿಂದ, ಅವನ ನಡೆನುಡಿಗಳನ್ನು ಬಾಲ್ಯದಿಂದ ಕಂಡವರ ನಂಬುಗೆಯೇ ಅಲ್ಲಿ ಪ್ರಮಾಣವಾಗಬೇಕು. ಇದನ್ನು ಮೌಢ್ಯವೆನ್ನುವವರ ಮಾತು ನನಗೆ ಸಮ್ಮತವಲ್ಲ. ಇಂದಿನ ಪತ್ತಿನ ಸಂಘಗಳ ಧುರೀಣರು ಲೆಕ್ಕಪತ್ರಗಳನ್ನು ಬಿಗಿಯಾಗಿಡಲಿ. ಸಾಲಗಾರ ರೈತನ ಹೊಲಕ್ಕೊಮ್ಮೆ ಹೋಗಿ ಬರುವುದನ್ನೂ ಬಿಡದಿರಲಿ.