ಅಮ್ಮನಿಗೂ ಒಂದು ಮನೆಯಿದೆ



ಶುಕ್ರವಾರ ಸಂಜೆಯಾದರೆ ನಮ್ಮೆಲ್ಲರ ವಾಟ್ಸಾಪ್ ಸ್ಟೇಟಸ್ ಒಂದೇ ಬಗೆ. ಬೆಂಗಳೂರು ಬಸ್ಸಿನ ಕಿಟಕಿ, ಮಂಗಳೂರು ಸೆಂಟ್ರಲ್‌ನ ಪ್ಲಾಟ್‌ಫಾರ್ಮು, ಮರುದಿನ ಬೆಳಿಗ್ಗೆ ಅಂಗಳದಲ್ಲಿ ಒಣಗುವ ಅಡಿಕೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು. ಅದರ ಕೆಳಗೆ, ಮನೆಯ ಸುಖ ಬೇರೆಲ್ಲೂ ಇಲ್ಲ ಎಂಬ ಅರ್ಥದ ಒಂದು ಸಾಲು, ಕೆಂಪು ಹೃದಯ ಎರಡು.

ಸುಖ ಹೌದು. ಪಿಜಿಯ ಸಾಂಬಾರು ಉಂಡು ಬಂದವರಿಗೆ ಗೊತ್ತು. ಬಚ್ಚಲ ಒಲೆಯ ಹಂಡೆಯಲ್ಲಿ ಬಿಸಿನೀರು ಕಾದಿರುತ್ತದೆ, ಹಾಸಿಗೆಯ ಬಟ್ಟೆ ಒಗೆದಿರುತ್ತದೆ, ಏಳು ಗಂಟೆಗೆ ಯಾರೂ ಎಬ್ಬಿಸುವುದಿಲ್ಲ. ನಾವು ಈ ಸುಖದ ವಿರೋಧಿಗಳಲ್ಲ. ನಮ್ಮ ತಕರಾರು ಬೇರೆ. ಆ ಹಂಡೆಗೆ ಬೆಂಕಿ ಹಾಕಿದವರು ಕೊನೆಯ ಸಲ ತಮ್ಮ ಮನೆಗೆ ಹೋಗಿ ಏಳು ಗಂಟೆಯವರೆಗೆ ಮಲಗಿದ್ದು ಯಾವಾಗ?

ಕಳೆದ ತಿಂಗಳು ನಮ್ಮ ಘಟಕದ ಸಭೆಯಲ್ಲಿ ಇದೇ ಪ್ರಶ್ನೆ ಕೇಳಿದೆವು. ಕಳೆದ ಒಂದು ವರ್ಷದಲ್ಲಿ ನಿಮ್ಮ ಅಮ್ಮ ತವರಿನಲ್ಲಿ ಎಷ್ಟು ರಾತ್ರಿ ಕಳೆದಿದ್ದಾರೆ? ಐಪಿಎಲ್ ಅಂಕಪಟ್ಟಿ ಬಾಯಿಪಾಠ ಇರುವವರಿಗೂ ಉತ್ತರ ಗೊತ್ತಿರಲಿಲ್ಲ. ಕೆಲವರು ಅಲ್ಲೇ ಮನೆಗೆ ಫೋನ್ ಮಾಡಿದರು. "ರಾತ್ರಿ ಉಳಿಯುದಾ? ಎಂತಕ್ಕೆ ಕೇಳ್ತಿ? ಯಾರಿಗಾದರೂ ಹುಷಾರಿಲ್ವಾ?" ಎಂದು ಒಬ್ಬರ ಅಮ್ಮ ಗಾಬರಿಯಾದರು. ತವರಿನಲ್ಲಿ ಒಂದು ರಾತ್ರಿ ಉಳಿಯಬೇಕಾದರೆ ಯಾರಿಗಾದರೂ ಕಾಯಿಲೆಯೇ ಆಗಬೇಕು ಎಂದು ಅವರಿಗೆ ಅನಿಸಿತು.

ನಮ್ಮಲ್ಲೊಬ್ಬನ ಮನೆಯ ಸಂಗತಿ. ಅವನೇ ಸಭೆಯಲ್ಲಿ ಹೇಳಿದ್ದು, ಬರೆಯಲು ಒಪ್ಪಿದ್ದಾನೆ, ಹೆಸರು ಬೇಡವೆಂದಿದ್ದಾನೆ. ಅವನ ಅಮ್ಮನ ತವರು ವಿಟ್ಲದಾಚೆ. ಪೆರ್ಲದಿಂದ ಅಡ್ಕಸ್ಥಳ, ಅಡ್ಯನಡ್ಕ ದಾಟಿದರೆ ಎಷ್ಟು ಹೊತ್ತಿನ ದಾರಿ? ಅಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಎರಡು ದಿನ ಇದ್ದು ಬರುತ್ತೇನೆಂದು ಅಮ್ಮ ಗುರುವಾರವೇ ಚೀಲ ತುಂಬಿಸಿ ಬಾಗಿಲ ಹಿಂದೆ ಇಟ್ಟಿದ್ದರು. ಶುಕ್ರವಾರ ಮಧ್ಯಾಹ್ನ ಇವನ ಫೋನ್: "ಅಮ್ಮಾ, ಈ ವಾರ ರಜೆ ಸಿಕ್ಕಿತು, ಬರ್ತಾ ಇದ್ದೇನೆ." ಅಮ್ಮ ಸೀರೆ ತೆಗೆದು ಕಪಾಟಿನಲ್ಲಿಟ್ಟರು, ಕೋಳಿ ಹಿಡಿಸಿದರು. ಇವನು ಬಂದ, ಉಂಡ, ಮಲಗಿದ, ಸಂಜೆ ಗೆಳೆಯರೊಡನೆ ಕುಂಬಳೆಗೆ ಹೋದ. ಚೀಲದ ವಿಷಯ ಅವನಿಗೆ ಗೊತ್ತಾದದ್ದು ಮೂರು ವಾರದ ಮೇಲೆ, ಅಜ್ಜಿಯ ಅಂತ್ಯಕ್ರಿಯೆಯ ದಿನ, ಮಾಮಿಯ ಬಾಯಿಂದ. "ಅವತ್ತು ನೀನು ಬರದಿದ್ರೆ ಅವಳು ಬರ್ತಿದ್ಲು," ಎಂದರಂತೆ. ದೂರಿದ್ದಲ್ಲ, ಸುಮ್ಮನೆ ಹೇಳಿದ್ದು.

ಅವನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನ ಜಾಗದಲ್ಲಿ ನಾವು ಯಾರೇ ಇದ್ದರೂ ಹಾಗೇ ಬರುತ್ತಿದ್ದೆವು. "ಅಮ್ಮ ಇಲ್ಲದಿದ್ರೆ ಮನೆ ಮನೆಯಾಗಿರುವುದಿಲ್ಲ" ಎಂದು ಎಷ್ಟು ಸಲ ಹೇಳಿದ್ದೇವೆ! ತಾಯಂದಿರ ದಿನದಂದು ಇಗರ್ಜಿಯ ಮೈಕಿನಲ್ಲೂ ಹೇಳಿದ್ದೇವೆ, ಕೈಚಪ್ಪಾಳೆ ಗಿಟ್ಟಿಸಿದ್ದೇವೆ. ಪ್ರೀತಿಯ ಮಾತೆಂದೇ ಹೇಳಿದ್ದು. ಆದರೆ ಅದನ್ನು ಕೇಳಿದ ಅಮ್ಮ ಚೀಲ ಹಿಡಿದು ಹೊರಡುವುದು ಹೇಗೆ? ದನವನ್ನು ಗೂಟಕ್ಕೆ ಕಟ್ಟುವ ಹಗ್ಗ ಕೂಡ ಮೆತ್ತಗೇ ಇರುತ್ತದೆ.

ನಮ್ಮ ಊರಿನ ತಾಯಂದಿರ ಪಾಡು ಇನ್ನೊಂದು ರೀತಿಯಲ್ಲೂ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಗರ್ಜಿಗಳು ಮಾತ್ರ ಮಂಗಳೂರು ಧರ್ಮಪ್ರಾಂತದಲ್ಲೇ ಉಳಿದವು, ಸಂಬಂಧಗಳೂ ಉಳಿದವು. ಬೇಳದ ಹುಡುಗನಿಗೆ ಬಂಟ್ವಾಳದ ಹುಡುಗಿ, ಕಯ್ಯಾರಿನ ಹುಡುಗಿಗೆ ಪುತ್ತೂರಿನ ಹುಡುಗ. ಗಡಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮನೆಯೊಳಗೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಹಾಗಾಗಿ ನಮ್ಮ ಅರ್ಧದಷ್ಟು ಅಮ್ಮಂದಿರ 'ಕುಳಾರ್' ಇನ್ನೊಂದು ರಾಜ್ಯದಲ್ಲಿದೆ. ಕುಳಾರ್ ಎಂಬ ಮಾತನ್ನು ಅವರು ಹೇಳುವಾಗ ಮುಖ ನೋಡಿ. ಕನ್ನಡದ ತವರು ಎಂಬುದೂ ಅದೇ, ಆದರೆ ಕುಳಾರ್ ಎನ್ನುವಾಗ ಅವರು ಸ್ವಲ್ಪ ಚಿಕ್ಕವರಾಗುತ್ತಾರೆ.

2020ರ ಮಾರ್ಚ್ ನೆನಪಿದೆಯಲ್ಲ? ಗಡಿರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದರು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನಾವೆಲ್ಲ ಆಗ ಮೊಬೈಲಿನಲ್ಲಿ ಕುದಿದೆವು. ನಮ್ಮ ಬಂಧುಗಳನ್ನು ನಮ್ಮಿಂದ ಬೇರ್ಪಡಿಸಲು ಇವರು ಯಾರು ಎಂದು ಉದ್ದುದ್ದ ಬರೆದೆವು. ಸರಿಯಾದ ಸಿಟ್ಟೇ ಅದು. ಈಗ ಆ ಮಣ್ಣು ಇಲ್ಲ, ಹೆದ್ದಾರಿಯೂ ಅಗಲವಾಗಿದೆ. ಅಮ್ಮ ಮಾತ್ರ ಈಗಲೂ ಈಚೆಯಲ್ಲೇ ಇದ್ದಾರೆ. ಇದಕ್ಕೆ ಯಾವ ಹೈಕೋರ್ಟಿನಲ್ಲಿ ಅರ್ಜಿ ಹಾಕುವುದು?

(ಇನ್ನೊಂದು ಸಣ್ಣ ಮಾತು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ಅದು ಆ ರಾಜ್ಯದವರಿಗೆ, ಆ ರಾಜ್ಯದೊಳಗೆ. ಆಚೆ ಮದುವೆಯಾದ ತಂಗಿಗೆ ಉಚಿತ, ಈಚೆ ಮದುವೆಯಾದ ಅಕ್ಕನಿಗೆ ಟಿಕೇಟು. ಆ ಟಿಕೇಟಿನ ಹಣ ಅಮ್ಮನ ಕೈಯಲ್ಲಿ ಕೊಡಲು ನಮ್ಮ ಸಂಬಳಕ್ಕೆ ಕಷ್ಟವಾಗಬಾರದು.)

ಹೀಗೆಂದಾಗ ಬರುವ ಉತ್ತರಗಳು ನಮಗೆ ಗೊತ್ತು, ನಾವೇ ಕೊಟ್ಟಿದ್ದೇವೆ.

"ಅಮ್ಮ ಹೋಗ್ತಾ ಇರ್ತಾರಲ್ಲ, ಮೊನ್ನೆ ರೋಸಿಗೆ ಹೋಗಿದ್ರು." ಹೋಗಿದ್ದರು. ಬೆಳಿಗ್ಗೆ ಹೊರಟು, ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ತಂಗಿಯ ಹತ್ತಿರ "ಯಾವಾಗ ಬಂದದ್ದು, ಊಟ ಆಯ್ತಾ" ಎಂದು ಕೇಳಿ, ಬ್ಯಾಂಡಿನ ಗದ್ದಲದಲ್ಲಿ ಉತ್ತರ ಕೇಳಿಸದೆ, ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು. ದನ ಕರೆಯಲಿಕ್ಕಿದೆಯಲ್ಲ. ಸಮಾರಂಭಕ್ಕೆ ಹೋಗುವುದು ಮನೆಗೆ ಹೋದಂತಲ್ಲ. ಮನೆಗೆ ಹೋಗುವುದೆಂದರೆ ರಾತ್ರಿ ಉಂಡಾದ ಮೇಲೆ ಅಡಿಗೆಕೋಣೆಯಲ್ಲಿ ಅಕ್ಕತಂಗಿಯರು ಮಣೆ ಹಾಕಿ ಕುಳಿತು, ಸತ್ತುಹೋದ ನೆರೆಯವರ ಕಥೆಯನ್ನು ಹನ್ನೊಂದು ಗಂಟೆಯವರೆಗೆ ಮಾತಾಡುವುದು. ನಾವು ಗೆಳೆಯರೊಡನೆ ಮಾಡುವುದೂ ಅದನ್ನೇ.

"ವಿಡಿಯೋ ಕಾಲ್ ಇದೆಯಲ್ಲ." ಇದೆ. ಹಾಗಾದರೆ ನಾವೇಕೆ ಶುಕ್ರವಾರ ಬಸ್ಸು ಹತ್ತುತ್ತೇವೆ? ಬೆಂಗಳೂರಿನಿಂದಲೇ ಬಂಗುಡೆ ಸಾರನ್ನು ವಿಡಿಯೋದಲ್ಲಿ ನೋಡಬಹುದಿತ್ತು.

"ಅವರಿಗೇ ಮನಸ್ಸಿಲ್ಲ." ಇದು ಸ್ವಲ್ಪ ಗಟ್ಟಿ ಉತ್ತರ. ಕೇಳಿದರೆ ಅಮ್ಮಂದಿರು ಹಾಗೆಯೇ ಹೇಳುತ್ತಾರೆ: "ನನಗಿನ್ನು ಅಲ್ಲಿ ಎಂತ ಉಂಟು?" ಆ ಮಾತಿನ ಹಿಂದೆ ಕೆಲವು ಮನೆಗಳಲ್ಲಿ ಪಾಲಿನ ಕಥೆ ಇದೆ. ವೀಲುನಾಮೆ ಇಲ್ಲದೆ ಅಪ್ಪ ತೀರಿಕೊಂಡರೆ ಕ್ರೈಸ್ತ ಮಗಳಿಗೂ ಮಗನಷ್ಟೇ ಪಾಲು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹಾಗೆ ಹೇಳುತ್ತದೆ. ನಮ್ಮ ಎಷ್ಟೋ ಅಮ್ಮಂದಿರು ಆ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸಹಿ ಹಾಕಿ ಬಂದಿದ್ದಾರೆ. ತವರಿನ ಬಾಗಿಲು ಮುಚ್ಚಬಾರದೆಂದು ಹಾಕಿದ ಸಹಿ ಅದು. ಬಾಗಿಲಿಗೆ ಅಷ್ಟು ಬೆಲೆ ಕೊಟ್ಟವರಿಗೆ ಒಳಗೆ ಹೋಗಲು ಮನಸ್ಸಿಲ್ಲ ಎಂದರೆ ನಾವು ನಂಬಬೇಕೆ? ಹೋಗುತ್ತೀರಾ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಶನಿವಾರಕ್ಕೆ ಟಿಕೇಟು ಮಾಡಿದ್ದೇನೆ, ದನದ ಕೆಲಸ ನನಗಿರಲಿ, ಅಜ್ಜನ ಮದ್ದು ಯಾವ ಹೊತ್ತಿಗೆ ಹೇಳಿ ಎಂದು ಕೇಳಿ ನೋಡಿ.

ನಮ್ಮ ಅಪ್ಪಂದಿರಿಗೂ ಒಂದು ವಿನಂತಿ. ಗಲ್ಫಿನಲ್ಲಿ ಇಪ್ಪತ್ತು ವರ್ಷ ರೂಮಿನಲ್ಲಿ ಸರದಿಯ ಮೇಲೆ ಅಡಿಗೆ ಮಾಡಿ ಉಂಡವರು ನೀವು. ಕೋಳಿ ಸುಕ್ಕ ಮಾಡುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲವೆಂದು ನೀವೇ ಹೇಳಿದ್ದೀರಿ. ಊರಿಗೆ ಬಂದ ಮೇಲೆ ಒಲೆ ಹೊತ್ತಿಸುವುದು ಹೇಗೆ ಮರೆಯಿತು?

ಒಂದು ಆಕ್ಷೇಪಕ್ಕೆ ಮಾತ್ರ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ಅಮ್ಮ ತವರಿಗೆ ಹೋದರೆ ಅಲ್ಲಿ ಅಡಿಗೆ ಮಾಡುವವರು ಮಾಮಿ. ಮಾಮಿಗೂ ತವರಿದೆ. ಬಹುಶಃ ಅದು ನಮ್ಮ ಪಕ್ಕದ ವಾರ್ಡಿನಲ್ಲೇ ಇದೆ. ಒಬ್ಬಳು ಹೆಂಗಸಿಗೆ ರಜೆ ಕೊಡಲು ಇನ್ನೊಬ್ಬಳ ತಲೆಗೆ ಕೆಲಸ ಹೇರುವುದಾದರೆ ಈ ಇಡೀ ಬರಹ ದಂಡ. ಇದನ್ನು ಸಭೆಯಲ್ಲಿ ಎತ್ತಿದ್ದು ಹುಡುಗಿಯರು. ಹುಡುಗರಿಗೆ ಹೊಳೆದೇ ಇರಲಿಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಬಂದು ನಿಂತದ್ದು ಇಲ್ಲಿಗೆ: ಆಚೆ ಮನೆಯ ಹುಡುಗರೂ, ಅಂದರೆ ನಮ್ಮ ಮಾವನ ಮಕ್ಕಳೂ, ಸೌಟು ಹಿಡಿಯಬೇಕು. ಅವರಿಗೆ ಹೇಳಬೇಕಾದವರು ನಾವೇ. ಅವರ ನಂಬರು ನಮ್ಮಲ್ಲಿದೆ, ದಿನಾ ಟ್ರೋಲ್ ವಿಡಿಯೋ ಕಳಿಸುತ್ತೇವಲ್ಲ.

ಇನ್ನು ದೇವರ ವಾಕ್ಯಕ್ಕೆ ಬರೋಣ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಒಂಬತ್ತು ದಿನ ಮೊದಲೇ ಮಕ್ಕಳು ಹೂವಿನ ಬುಟ್ಟಿ ಹಿಡಿದು ಮರಿಯಮ್ಮನ ಮುಂದೆ ಸಾಲು ನಿಲ್ಲುತ್ತಾರೆ. ತೆನೆ ಆಶೀರ್ವಾದವಾಗುತ್ತದೆ, ಮನೆಯಲ್ಲಿ ಹೊಸ ಅಕ್ಕಿಯ ಊಟ, ತೊಂಡೆ, ಬೆಂಡೆ, ಹೀರೆ, ಕೆಸುವಿನ ದಂಟು. ಅಮ್ಮ ಬೆಳಗಿನ ಜಾವದಿಂದ ಒಲೆಯ ಮುಂದೆ. ಕುಟುಂಬವೆಲ್ಲ ಒಟ್ಟಾಗಬೇಕಾದ ದಿನ ಎನ್ನುತ್ತೇವೆ. ಆದರೆ ಆ ಮರಿಯಮ್ಮ ಏನು ಮಾಡಿದರು? ಲೂಕನ ಶುಭಸಂದೇಶದ ಮೊದಲ ಅಧ್ಯಾಯ ತೆಗೆಯಿರಿ. ನೆಂಟಳಾದ ಎಲಿಜಬೇತಳನ್ನು ನೋಡಲು ಗುಡ್ಡಗಾಡಿನ ದಾರಿ ಹಿಡಿದು ಅವಸರವಾಗಿ ಹೋದರು, ಸುಮಾರು ಮೂರು ತಿಂಗಳು ಅಲ್ಲಿದ್ದರು. ಮೂರು ತಿಂಗಳು! ಮೇ 31ಕ್ಕೆ ಆ ಭೇಟಿಯ ಹಬ್ಬವನ್ನೂ ಆಚರಿಸುತ್ತೇವೆ. ಆ ಮೂರು ತಿಂಗಳು ನಜರೇತಿನಲ್ಲಿ ಯಾರಾದರೂ ಹಸಿವಿನಿಂದ ಸತ್ತರೆಂದು ಲೂಕ ಬರೆದಿಲ್ಲ.

ಕೊನೆಗೆ ನಮ್ಮ ಘಟಕದ ತಪ್ಪು. ಬೇರೆಯವರಿಗೆ ಹೇಳುವ ಮೊದಲು ನಮ್ಮ ವರ್ಷದ ಕಾರ್ಯಕ್ರಮಪಟ್ಟಿ ತೆಗೆದು ನೋಡಿದೆವು. ನಾಚಿಕೆಯಾಯಿತು. ರಜೆಯ ಯಾವ ಭಾನುವಾರವೂ ಖಾಲಿ ಇಲ್ಲ. ವನಮಹೋತ್ಸವ, ಪ್ರತಿಭಾ ದಿನ, ಕ್ರೀಡಾಕೂಟ, ಎಲ್ಲಕ್ಕೂ ಚಾ ತಿಂಡಿ "ವಾರ್ಡಿನ ಅಮ್ಮಂದಿರಿಂದ". ಧನ್ಯವಾದ ಸಮರ್ಪಣೆಯಲ್ಲಿ ಅವರಿಗೆ ಅರ್ಧ ಸಾಲು. ಕ್ರಿಸ್ಮಸ್ ಮರುದಿನದ ಅಂಡರ್‌ಆರ್ಮ್ ಪಂದ್ಯಾಟ ಇನ್ನೂ ಕಷ್ಟ. ಕುಸ್ವಾರ್ ಮಾಡಿ ಬೆನ್ನು ಮುರಿದುಕೊಂಡವರು ಡಿಸೆಂಬರ್ 26ಕ್ಕೆ ಆಟಗಾರರ ಊಟಕ್ಕೆ ತೆಂಗಿನಕಾಯಿ ಹೆರೆಯಬೇಕು. ಅವರ ತವರಿನಲ್ಲೂ ಅದೇ ದಿನ ಎಲ್ಲರೂ ಸೇರಿರುತ್ತಾರೆ.

ಆದ್ದರಿಂದ ಈ ವರ್ಷ ಡಿಸೆಂಬರ್ 26 ಮತ್ತು 27ಕ್ಕೆ ಘಟಕದ ಯಾವ ಕಾರ್ಯಕ್ರಮವೂ ಇಲ್ಲ. ಪಂದ್ಯಾಟ ಜನವರಿಗೆ ಹೋಗಿದೆ, ಊಟ ಹೋಟೆಲಿನಿಂದ. ಇದಕ್ಕೆ ಕೆಲವರು ಸಿಟ್ಟಾಗಿದ್ದಾರೆ, ಇಬ್ಬರು ಗ್ರೂಪ್ ಬಿಟ್ಟಿದ್ದಾರೆ, ಒಬ್ಬರು ಗುರಿಕಾರರು "ಇದೆಲ್ಲ ಯುವಕರ ಕೆಲಸವಾ" ಎಂದು ಕೇಳಿದ್ದಾರೆ. ಹೌದು ಅಂಕಲ್, ಯುವಕರ ಕೆಲಸವೇ. ಅಕ್ಕಿ ತೊಳೆಯುವ ಕೆಲಸ, ಹಟ್ಟಿ ಗುಡಿಸುವ ಕೆಲಸ, ಅಜ್ಜಿಗೆ ಗಂಜಿ ಕೊಡುವ ಕೆಲಸ. ಫಾದರ್ ಒಪ್ಪಿದ್ದಾರೆ. 26ರ ಬೆಳಗಿನ ಬಲಿಪೂಜೆಯ ಹೊತ್ತನ್ನು ಅರ್ಧ ಗಂಟೆ ಹಿಂದೆ ಮಾಡಲೂ ಒಪ್ಪಿದ್ದಾರೆ, ಮೊದಲ ಬಸ್ಸು ಸಿಗಲಿ ಎಂದು.

ಮನೆಯಲ್ಲಿ ಉಳಿಯುವವರಿಗೆ ಒಂದೇ ಸೂಚನೆ. ಬಸ್ಸು ಸಾರಡ್ಕ ದಾಟುವ ಮೊದಲೇ ಅಮ್ಮನಿಗೆ ಫೋನ್ ಮಾಡಿ ಉಪ್ಪು ಎಲ್ಲಿದೆ ಎಂದು ಕೇಳಬೇಡಿ. ಉಪ್ಪು ಒಲೆಯ ಬಲಬದಿಯ ಭರಣಿಯಲ್ಲಿದೆ. ನಿಮ್ಮ ಮನೆಯಲ್ಲಿ ಬೇರೆ ಕಡೆ ಇದ್ದರೆ ಈ ವಾರವೇ ಹುಡುಕಿಟ್ಟುಕೊಳ್ಳಿ.