ವರ್ಜೀನಿಯಾದ ಹತ್ತನೆಯ ಕ್ಷೇತ್ರವೂ ಮತದಾರನ ವಿವೇಕವೂ

ಅಮೆರಿಕದಲ್ಲಿ ನೆಲೆಸಿರುವ ಸದ್ಭಕ್ತರು ಶ್ರೀಮಠಕ್ಕೆ ಬಂದಾಗ ಅಲ್ಲಿನ ರಾಜಕೀಯದ ಪ್ರಸ್ತಾಪವೂ ಬರುತ್ತದೆ. ಭಾರತೀಯ ಮೂಲದವರೊಬ್ಬರು ಅಲ್ಲಿ ಗೆದ್ದರೆಂದು ತಿಳಿದರೆ ಇಲ್ಲಿಯೂ ಸಂತೋಷವಾಗುತ್ತದೆ. 2024ರ ನವೆಂಬರಿನಲ್ಲಿ ವರ್ಜೀನಿಯಾ ರಾಜ್ಯದ ಹತ್ತನೆಯ ಕ್ಷೇತ್ರದಿಂದ ಸುಹಾಸ್ ಸುಬ್ರಮಣ್ಯಂ ಆಯ್ಕೆಯಾದಾಗಲೂ ಹಾಗೆಯೇ ಆಯಿತು. ಅವರ ಕುಟುಂಬಕ್ಕೆ ಬೆಂಗಳೂರಿನ ನಂಟಿರುವುದರಿಂದ ಕನ್ನಡಿಗರ ಹಿಗ್ಗು ಸಹಜವೇ. ಆದರೆ ಗೆದ್ದವರು ಯಾರೆಂಬುದಕ್ಕಿಂತ, ಅಲ್ಲಿನ ಜನ ಹೇಗೆ ಆರಿಸಿದರೆಂಬುದರಲ್ಲಿ ನಾವು ಕಲಿಯಬೇಕಾದುದು ಹೆಚ್ಚಿದೆ.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮ ದೇಶದ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಕೆಳಮನೆಯ 435 ಸ್ಥಾನಗಳಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಬಹುಪಾಲು ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುವುದೆಂಬುದು ಮೊದಲೇ ಗೊತ್ತಿರುತ್ತದೆ. ಮತದಾರರು ಇಬ್ಭಾಗವಾಗಿರುವ ಕೆಲವೇ ಕ್ಷೇತ್ರಗಳಲ್ಲಿ ನಿಜವಾದ ಸ್ಪರ್ಧೆ ನಡೆಯುತ್ತದೆ. ಅವುಗಳಲ್ಲಿ ಅನೇಕವು ಮಹಾನಗರಗಳ ಹೊರವಲಯದಲ್ಲಿವೆ.

ಹತ್ತನೆಯ ಕ್ಷೇತ್ರ ರಾಜಧಾನಿ ವಾಷಿಂಗ್ಟನ್‌ನ ಪಶ್ಚಿಮಕ್ಕಿದೆ. ಅದರ ಹೃದಯಭಾಗ ಲೌಡನ್ ಕೌಂಟಿ. ಪೂರ್ವದಲ್ಲಿ ಡಲ್ಲಸ್ ವಿಮಾನ ನಿಲ್ದಾಣ, ಆಶ್‌ಬರ್ನ್‌ನ ಬೃಹತ್ ದತ್ತಾಂಶ ಕೇಂದ್ರಗಳು, ಸರ್ಕಾರಿ ನೌಕರರ ಹಾಗೂ ತಂತ್ರಜ್ಞರ ಬಡಾವಣೆಗಳು. ಪಶ್ಚಿಮದಲ್ಲಿ ಬೆಟ್ಟಗಳ ತಪ್ಪಲಿನ ಹೊಲ, ಕುದುರೆ ಸಾಕಣೆ, ದ್ರಾಕ್ಷಿ ತೋಟಗಳು. 2020ರ ಜನಗಣತಿಯಂತೆ ಲೌಡನ್ನಿನ ಜನಸಂಖ್ಯೆ 4 ಲಕ್ಷ 20 ಸಾವಿರ. ಐವರಲ್ಲಿ ಒಬ್ಬರು ಏಷ್ಯಾ ಮೂಲದವರು. ಕನ್ನಡ ಮಾತನಾಡುವ ಮನೆಗಳೂ ಅಲ್ಲಿವೆ.

ರಿಪಬ್ಲಿಕನ್ ಪಕ್ಷದ ಫ್ರಾಂಕ್ ವುಲ್ಫ್ 1981ರಿಂದ 34 ವರ್ಷ ಈ ಕ್ಷೇತ್ರವನ್ನು ಪ್ರತಿನಿಧಿಸಿದ್ದರು. ಅವರ ನಂತರ ಅದೇ ಪಕ್ಷದ ಬಾರ್ಬರಾ ಕಾಮ್‌ಸ್ಟಾಕ್ ಬಂದರು. 2016ರಲ್ಲಿ ಇಲ್ಲಿನ ಮತದಾರರು ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್‌ರಿಗೆ ಹತ್ತು ಅಂಶಗಳ ಮುನ್ನಡೆ ಕೊಟ್ಟರು. ಅದೇ ದಿನ ಕಾಮ್‌ಸ್ಟಾಕ್‌ರನ್ನೂ ಗೆಲ್ಲಿಸಿದರು. ಎರಡು ಹೆಸರುಗಳನ್ನು ಬೇರೆ ಬೇರೆಯಾಗಿ ತೂಗಿದ ಮತದಾರರು ಸಾವಿರಾರು ಮಂದಿ ಇದ್ದರು. ಇದನ್ನು ಚಂಚಲತೆಯೆಂದು ಹೀಗಳೆಯುವವರುಂಟು. ನಾವು ಅದನ್ನು ವಿವೇಕವೆಂದೇ ಕರೆಯುತ್ತೇವೆ.

2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಜೆನಿಫರ್ ವೆಕ್ಸ್‌ಟನ್ ಗೆದ್ದರು. ಆಮೇಲೂ ಕ್ಷೇತ್ರ ಶಾಂತವಾಗಿರಲಿಲ್ಲ. ಶಾಲೆಗಳಲ್ಲಿ ಏನನ್ನು ಕಲಿಸಬೇಕು, ಯಾವ ನಿಯಮಗಳಿರಬೇಕು ಎಂಬ ವಿವಾದದಿಂದ 2021ರಲ್ಲಿ ಲೌಡನ್ನಿನ ಶಾಲಾ ಮಂಡಳಿಯ ಸಭೆ ಕೋಲಾಹಲದಲ್ಲಿ ಮುಗಿಯಿತು. ನೆರೆಹೊರೆಯವರೇ ಪರಸ್ಪರ ಮುಖ ನೋಡದ ಸ್ಥಿತಿ ಯಾವ ಊರಿಗೂ ಒಳಿತಲ್ಲ. 2022ರಲ್ಲಿ ವಿಯೆಟ್ನಾಂನಲ್ಲಿ ಹುಟ್ಟಿದ ನಿವೃತ್ತ ನೌಕಾಧಿಕಾರಿ ಹಂಗ್ ಕಾವ್ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದರು. ಆಗ ವೆಕ್ಸ್‌ಟನ್ ಪಡೆದದ್ದು ಸುಮಾರು ಶೇ. 53 ಮತ.

2023ರಲ್ಲಿ ವೆಕ್ಸ್‌ಟನ್ ತಮ್ಮ ಅನಾರೋಗ್ಯವನ್ನು ಜನರ ಮುಂದೆ ಹೇಳಿಕೊಂಡರು. ಮೊದಲು ಪಾರ್ಕಿನ್ಸನ್ ಎನಿಸಿದ್ದು ಬಳಿಕ ಇನ್ನೂ ತೀವ್ರವಾದ, ಮದ್ದಿಲ್ಲದ ನರರೋಗವೆಂದು ತಿಳಿಯಿತು. ಮತ್ತೆ ಸ್ಪರ್ಧಿಸುವುದಿಲ್ಲವೆಂದು ಅವರು ಪ್ರಕಟಿಸಿದರೂ ಅವಧಿ ಮುಗಿಯುವವರೆಗೆ ಕಾಯಕ ಬಿಡಲಿಲ್ಲ. ಮಾತು ತೊದಲಿದಾಗ, 2024ರ ಜುಲೈನಲ್ಲಿ ಕೃತಕ ಬುದ್ಧಿಮತ್ತೆ ಮರುರೂಪಿಸಿದ ತಮ್ಮದೇ ದನಿಯಲ್ಲಿ ಸದನವನ್ನುದ್ದೇಶಿಸಿ ಮಾತನಾಡಿದರು. ಅದೇ ತಿಂಗಳು ಪಾರ್ಕಿನ್ಸನ್ ನಿವಾರಣೆಯ ರಾಷ್ಟ್ರೀಯ ಯೋಜನೆಯ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಆ ಕಾಯಿದೆಗೆ ವೆಕ್ಸ್‌ಟನ್‌ರ ಹೆಸರಿನೊಂದಿಗೆ, ಅದೇ ರೋಗದಿಂದ ತೀರಿಕೊಂಡ ವೈದ್ಯರೊಬ್ಬರ ಹೆಸರನ್ನೂ ಇಟ್ಟಿದ್ದಾರೆ. ಅವರು ರಿಪಬ್ಲಿಕನ್ ಸದಸ್ಯರೊಬ್ಬರ ಸಹೋದರ. ಪಕ್ಷಗಳು ಕಚ್ಚಾಡುವ ಸದನದಲ್ಲಿ ನೋವಿಗೆ ಪಕ್ಷವಿಲ್ಲವೆಂಬುದು ಹೀಗೆ ಕಾನೂನಾಯಿತು.

ಅವರು ತೆರವು ಮಾಡಿದ ಸ್ಥಾನಕ್ಕೆ ಅಭ್ಯರ್ಥಿಯನ್ನು ಆರಿಸಲು ಡೆಮಾಕ್ರಟಿಕ್ ಪಕ್ಷದೊಳಗೇ ಹನ್ನೆರಡು ಮಂದಿ ಸ್ಪರ್ಧಿಸಿದರು. ಅಲ್ಲಿ ಪಕ್ಷದ ನಾಯಕರು ಟಿಕೆಟ್ ಹಂಚುವುದಿಲ್ಲ, ಮತದಾರರೇ ನಿರ್ಧರಿಸುತ್ತಾರೆ. ಆ ಹನ್ನೆರಡರಲ್ಲಿ ಭಾರತೀಯ ಮೂಲದವರು ಸುಹಾಸ್ ಒಬ್ಬರೇ ಅಲ್ಲ. ಎಂದ ಮೇಲೆ ‘ನಮ್ಮವರು’ ಎಂಬ ಅಳತೆಗೋಲು ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ರಾಜ್ಯದ ಶಾಸನಸಭೆಯಲ್ಲಿ ಅವರು ಮಾಡಿದ ಕೆಲಸ ಜನರ ಕಣ್ಣ ಮುಂದಿತ್ತು. ವೆಕ್ಸ್‌ಟನ್‌ರ ಬೆಂಬಲವೂ ದೊರೆಯಿತು. ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ಮೈಕ್ ಕ್ಲಾನ್ಸಿ ಎದುರು ಅವರು ಪಡೆದದ್ದು ಸುಮಾರು ಶೇ. 52 ಮತ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮತದಾರರು ಅವರನ್ನು ಒಪ್ಪಿರಲಿಲ್ಲ. ಗೆದ್ದವರು ಆ ಅರ್ಧಕ್ಕೂ ಪ್ರತಿನಿಧಿಯೇ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ನಾನಾ ಕಾಯಕದ ಶರಣರು ಒಟ್ಟಿಗೆ ಕುಳಿತು ಪ್ರಶ್ನಿಸಿದರು, ವಾದಿಸಿದರು. ಭಿನ್ನಾಭಿಪ್ರಾಯ ಅವರನ್ನು ವೈರಿಗಳನ್ನಾಗಿಸಲಿಲ್ಲ. ಅವರು ಮನುಷ್ಯನನ್ನು ಅಳೆದದ್ದು ಕುಲದಿಂದಲ್ಲ, ನಡೆ ನುಡಿಗಳಿಂದ. ಆ ಪರಂಪರೆಯವರಾದ ನಾವು ಚುನಾವಣೆ ಬಂದೊಡನೆ ಅಭ್ಯರ್ಥಿಯ ಒಳಪಂಗಡವನ್ನು ಮೊದಲು ವಿಚಾರಿಸುವುದು ಸರಿಯೇ? ಯಾರಿಗೆ ಮತ ಹಾಕಬೇಕೆಂದು ಮಠಕ್ಕೆ ಬಂದು ಕೇಳುವವರೂ ಇದ್ದಾರೆ. ನಮ್ಮ ಸಮಾಜದ ಮತಗಳನ್ನು ಗಂಟು ಕಟ್ಟಿ ಒಬ್ಬರ ಕೈಗೆ ಕೊಡಬಹುದೆಂದು ನಂಬಿದ ರಾಜಕಾರಣಿಗಳೂ ಇದ್ದಾರೆ. ಆ ನಂಬಿಕೆಗೆ ನಾವೇ ಅವಕಾಶ ಕೊಟ್ಟಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು. ಹೇಗೂ ತಮಗೇ ಬರುವ ಮತಕ್ಕಾಗಿ ಯಾವ ಪಕ್ಷವೂ ದುಡಿಯುವುದಿಲ್ಲ. ತೂಗಿ ನೋಡುವ ಮತದಾರನ ಮನೆ ಬಾಗಿಲಿಗೆ ಎಲ್ಲರೂ ಬಂದು ಉತ್ತರ ಹೇಳಲೇಬೇಕಾಗುತ್ತದೆ.

2026ರ ನವೆಂಬರಿನಲ್ಲಿ ಆ ದೇಶದ ಕೆಳಮನೆಗೆ ಮತ್ತೆ ಚುನಾವಣೆ. ಅಲ್ಲಿ ಮತದ ಹಕ್ಕು ಪಡೆದಿರುವ ಸದ್ಭಕ್ತರಲ್ಲಿ ನಮ್ಮ ಕೋರಿಕೆ ಇಷ್ಟೆ: ತಪ್ಪದೆ ಮತ ಹಾಕಿರಿ, ಹೆಸರಿನ ಮೂಲವನ್ನಲ್ಲ, ಕಾಯಕದ ಶುದ್ಧಿಯನ್ನು ನೋಡಿರಿ, ಬೇರೆ ಪಕ್ಷಕ್ಕೆ ಮತ ಹಾಕಿದ ನೆರೆಮನೆಯವರನ್ನು ಮರುದಿನವೂ ಪ್ರೀತಿಯಿಂದ ಮಾತನಾಡಿಸಿರಿ. ಇಲ್ಲಿರುವ ನಮಗೂ ಇದೇ ಮಾತು ಅನ್ವಯಿಸುತ್ತದೆ.