ದಿಂಬಂ ಏರಿನಲ್ಲಿ ಎಂಜಿನ್ನಿನ ಉಸಿರು

ಬಣ್ಣಾರಿಯಿಂದ ದಿಂಬಂವರೆಗಿನ 27 ಕಡಿದಾದ ತಿರುವುಗಳನ್ನು ಹತ್ತಿ ಹಾಸನೂರಿಗೆ ಬರುವಾಗ ಕಾರು ಬಳಲುತ್ತದೆ. ಕಂಪನಿಯ ಏರ್ ಫಿಲ್ಟರ್ ತೆಗೆಸಿ, ಅಂಗಡಿಯ ದುಬಾರಿ ಫಿಲ್ಟರ್ ಹಾಕಿಸುವ ಆಸೆ ಮಾಲೀಕನಿಗೆ ಮೂಡುವುದು ಅಲ್ಲಿಯೇ. ಆದರೆ ಬಳಲಿಕೆಗೆ ಕಡಿದಾದ ಏರಿನ ಜೊತೆಗೆ ಗಾಳಿಯೂ ಕಾರಣ. ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಕಡಿಮೆ; ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ತೆಳುವಾದ ಗಾಳಿಯನ್ನು ಯಾವ ಫಿಲ್ಟರೂ ದಟ್ಟವಾಗಿಸದು.

ಕಂಪನಿಯ ಕೊಳವೆ ಸಾಮಾನ್ಯವಾಗಿ ಕಾರಿನ ಮುಂಭಾಗದಿಂದ ತಂಪುಗಾಳಿಯನ್ನು ಸೆಳೆಯುತ್ತದೆ. ಬಾನೆಟ್ಟಿನೊಳಗೆ ತೆರೆದಿಟ್ಟ ಫಿಲ್ಟರಾದರೋ ಎಂಜಿನ್ನಿನ ಬಿಸಿಗಾಳಿಯನ್ನೇ ನುಂಗುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಮತ್ತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ನಿಶ್ಚಯವಾಗಿ ಹೆಚ್ಚುವುದು ಸದ್ದು. ಅದನ್ನೇ ಬಲವೆಂದು ತಿಳಿಯುವವರಿದ್ದಾರೆ. ಸತ್ಯಮಂಗಲದ ಹುಲಿಗಳಿಗೆ ಅದು ಬೇಕಿಲ್ಲ.

ತಾಳವಾಡಿ ಸೀಮೆಯ ಮಣ್ಣುದಾರಿಗಳಲ್ಲಿ ನಿಜವಾದ ಶತ್ರು ಧೂಳು. ಸರಿಯಾಗಿ ಕೂರದ ಫಿಲ್ಟರಿನ ಅಂಚಿನಿಂದ ಒಳನುಸುಳಿದ ಧೂಳು ಸಿಲಿಂಡರನ್ನು ಸವೆಸುತ್ತದೆ. ಆ ದುರಸ್ತಿಯ ವೆಚ್ಚ ಮಕ್ಕಳ ಒಂದು ವರ್ಷದ ಓದಿನ ಖರ್ಚನ್ನೇ ನುಂಗೀತು. ಧೂಳು ಕಟ್ಟಿದ ಹಳೆಯದನ್ನು ತೆಗೆದು, ಕಂಪನಿ ಸೂಚಿಸಿದ ಅಳತೆಯ ಹೊಸ ಕಾಗದದ ಫಿಲ್ಟರ್ ಹಾಕಲು ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಸಾಕು.